ಪೆನ್ನನ್ನು ಮೊದಲು ಆರಿಸಿ, ಟ್ಯಾಬ್ ಆಮೇಲೆ

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪ್ಲಸ್ ಟು ಮುಗಿಸಿ, ಈಗ ಕಾಸರಗೋಡಿನಲ್ಲಿ ರಸಾಯನಶಾಸ್ತ್ರದ ನಾಲ್ಕು ವರ್ಷದ ಪದವಿಗೆ ಸೇರಿದ್ದಾಳೆ. ಪಾಠದ ಟಿಪ್ಪಣಿಗಳನ್ನು ಕೈಯಿಂದಲೇ ಬರೆದುಕೊಳ್ಳಲು ಪೆನ್ನು ಇರುವ ಟ್ಯಾಬ್ ಬೇಕೆನ್ನುತ್ತಾಳೆ. 30,000 ರೂಪಾಯಿಯವರೆಗೆ ಕೊಡಬಲ್ಲೆವು. ಯಾವ ಟ್ಯಾಬ್ ಆದರೂ 300 ರೂಪಾಯಿಯ ಪೆನ್ನಿನಿಂದ ಬರೆಯಬಹುದು ಎಂದು ಅಂಗಡಿಯವರು ಹೇಳಿದರು. ಐಪ್ಯಾಡ್ ಬಿಟ್ಟು ಬೇರೆ ತೆಗೆದುಕೊಳ್ಳಲೇಬೇಡ ಎಂದು ನನ್ನ ತಮ್ಮ ಹೇಳುತ್ತಾನೆ. ಕನ್ನಡ ಬರೆಯಲು ಯಾವುದು ಒಳ್ಳೆಯದು?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ಮುಖ್ಯವಾದದ್ದು, ಮತ್ತು ಅದಕ್ಕೆ ಅಂಗಡಿಯವರೂ ನಿಮ್ಮ ತಮ್ಮನೂ ಉತ್ತರ ಕೊಟ್ಟಿಲ್ಲ. ಇಬ್ಬರೂ ಟ್ಯಾಬ್‌ನಿಂದ ಮಾತು ಆರಂಭಿಸಿದ್ದಾರೆ. ಬರೆಯುವುದಕ್ಕಾಗಿಯೇ ಕೊಳ್ಳುವ ಟ್ಯಾಬ್‌ನಲ್ಲಿ ಮೊದಲು ನೋಡಬೇಕಾದದ್ದು ಪೆನ್ನು, ಅಂದರೆ ಆ ಪೆನ್ನನ್ನು ಪರದೆ ಯಾವ ಬಗೆಯಲ್ಲಿ ಗುರುತಿಸುತ್ತದೆ ಎಂಬುದು. ಅದೊಂದು ಸರಿಯಾಗಿದ್ದರೆ ಸಾಧಾರಣ ಟ್ಯಾಬ್‌ನಲ್ಲೂ ನಾಲ್ಕು ವರ್ಷ ಸುಖವಾಗಿ ಬರೆಯಬಹುದು, ಅದು ಸರಿಯಿಲ್ಲದಿದ್ದರೆ ಎಷ್ಟು ದುಬಾರಿಯ ಟ್ಯಾಬ್ ಆದರೂ ಎರಡು ತಿಂಗಳಲ್ಲಿ ಸಿನಿಮಾ ನೋಡುವ ಸಾಧನವಾಗಿ ಉಳಿಯುತ್ತದೆ.

ನಿಮ್ಮ ಮಗಳ ಬೇಡಿಕೆ ನ್ಯಾಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳು ಕಾಲೇಜಿನ ತರಗತಿಯಲ್ಲಿ ಕುಳಿತಾಗ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ, ವಿವರಣೆ ಬಹಳ ಸಲ ಮಲಯಾಳದಲ್ಲಿ ಬರುತ್ತದೆ, ಅರ್ಥವಾದದ್ದನ್ನು ಅವರು ತಮಗಾಗಿ ಕನ್ನಡದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಒಂದೇ ಸಾಲಿನಲ್ಲಿ ಮೂರು ಲಿಪಿಗಳು, ನಡುವೆ ಒಂದು ಸಮೀಕರಣ, ಬದಿಯಲ್ಲಿ ಬೆಂಜೀನ್ ಉಂಗುರದ ಚಿತ್ರ. ಇದನ್ನು ಕೀಲಿಮಣೆಯಲ್ಲಿ ಟೈಪ್ ಮಾಡಲು ಹೊರಟರೆ ಪ್ರತಿ ಪದಕ್ಕೂ ಭಾಷೆ ಬದಲಾಯಿಸಬೇಕಾಗುತ್ತದೆ, ಅಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಲಿಪಿಯಿಂದ ಲಿಪಿಗೆ ತಡೆಯಿಲ್ಲದೆ ದಾಟಬಲ್ಲದ್ದು ಕೈ ಮಾತ್ರ. ನಾನು ಹಲವು ವರ್ಷ ಇಲ್ಲಿ ಕಂಪ್ಯೂಟರ್ ಪಾಠ ಮಾಡಿದವನು, ನಮ್ಮ ಮಕ್ಕಳ ನೋಟ್‌ಪುಸ್ತಕಗಳನ್ನು ಹತ್ತಿರದಿಂದ ನೋಡಿದ್ದೇನೆ. ಪೆನ್ನಿನ ಟ್ಯಾಬ್ ಅವರಿಗೆ ಅನುಕೂಲವಾದದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈಗ ಪೆನ್ನಿನ ವಿಷಯ. ಅಂಗಡಿಯವರು ಹೇಳಿದ 300 ರೂಪಾಯಿಯ ಪೆನ್ನು ರಬ್ಬರ್ ತುದಿಯದ್ದು, ಅಥವಾ ತುದಿಗೆ ಸಣ್ಣ ಪಾರದರ್ಶಕ ಬಿಲ್ಲೆ ಅಂಟಿಸಿದ್ದು. ಅದರೊಳಗೆ ಏನೂ ಇಲ್ಲ. ಪರದೆಗೆ ಅದು ಪೆನ್ನೆಂದು ತಿಳಿಯುವುದೇ ಇಲ್ಲ, ಒಂದು ಬೆರಳು ಮುಟ್ಟಿತು ಎಂದಷ್ಟೇ ತಿಳಿಯುತ್ತದೆ. ಬೆರಳಿನಷ್ಟು ಅಗಲದ ಸ್ಪರ್ಶವನ್ನು ಹಿಡಿಯಲೆಂದೇ ಮಾಡಿದ ಪರದೆಯಾದ್ದರಿಂದ ಪೆನ್ನಿನ ತುದಿಯೂ ದಪ್ಪವಾಗಿರಲೇಬೇಕು. ಅಂಗೈಯನ್ನು ಪರದೆಯ ಮೇಲೆ ಇಟ್ಟರೆ ಅದೂ ಒಂದು ಬೆರಳೆಂದು ಭಾವಿಸಿ ಅಲ್ಲೊಂದು ಗೆರೆ ಎಳೆಯುತ್ತದೆ. ಕೈಯನ್ನು ಗಾಳಿಯಲ್ಲಿ ಎತ್ತಿಹಿಡಿದು ಒಂದು ಗಂಟೆಯ ಪಾಠ ಬರೆಯಲು ಯಾರಿಂದಲೂ ಆಗುವುದಿಲ್ಲ. ಇದನ್ನು ಪಟ್ಟಿಯಿಂದ ತೆಗೆದುಹಾಕಿ.

ಎರಡನೆಯದು ಒಳಗೆ ಬ್ಯಾಟರಿ ಇರುವ ಪೆನ್ನು. ಇದರ ತುದಿಯಿಂದ ಸಣ್ಣ ವಿದ್ಯುತ್ ಸಂಕೇತ ಹೊರಡುತ್ತದೆ, ಪರದೆಯ ಸ್ಪರ್ಶಪದರವೇ ಅದನ್ನು ಹಿಡಿದು, ಇದು ಪೆನ್ನು, ಅದು ಅಂಗೈ ಎಂದು ಬೇರ್ಪಡಿಸುತ್ತದೆ. ಆಪಲ್ ಪೆನ್ಸಿಲ್ ಈ ಬಗೆಯದು. ಆಂಡ್ರಾಯ್ಡ್ ಟ್ಯಾಬ್ ಮಾಡುವ ಹಲವು ಕಂಪನಿಗಳು ಪ್ರತ್ಯೇಕವಾಗಿ ಮಾರುವ ಪೆನ್ನುಗಳೂ ಹೆಚ್ಚಾಗಿ ಇದೇ ಬಗೆಯವು. ಬರವಣಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಪೆನ್ನಿಗೂ ಟ್ಯಾಬ್‌ಗೂ ಒಂದೇ ಸಂಕೇತಭಾಷೆ ಇರಬೇಕು, ಒಂದು ಕಂಪನಿಯ ಪೆನ್ನು ಇನ್ನೊಂದರ ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಕೆಲವು ಸಲ ಅದೇ ಕಂಪನಿಯ ಬೇರೆ ಮಾದರಿಯಲ್ಲೂ ಬರೆಯುವುದಿಲ್ಲ. ಪೆಟ್ಟಿಗೆಯ ಮೇಲೆ ‘ಸ್ಟೈಲಸ್ ಸಪೋರ್ಟ್’ ಎಂದು ಅಚ್ಚಾಗಿರುವುದನ್ನು ನಂಬಿ ಟ್ಯಾಬ್ ತಂದು, ಅದಕ್ಕೆ ಹೊಂದುವ ಪೆನ್ನು ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಿಗದೆ ಪರದಾಡಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಚಾರ್ಜ್ ಮಾಡುವ ತಾಪತ್ರಯವೂ ಇದೆ. ಇಂಥ ಒಂದು ಪೆನ್ನನ್ನು ನಾನೇ ಒಂದು ಮಳೆಗಾಲವಿಡೀ ಮೇಜಿನ ಸೆಳೆಖಾನೆಯಲ್ಲಿ ಮರೆತುಬಿಟ್ಟಿದ್ದೆ. ಒಳಗಿನ ಪುಟ್ಟ ಬ್ಯಾಟರಿ ಪೂರ್ತಿ ಬರಿದಾಗಿ ಮತ್ತೆ ಚಾರ್ಜ್ ಹಿಡಿಯಲೇ ಇಲ್ಲ.

ಮೂರನೆಯದು ಬ್ಯಾಟರಿಯೇ ಬೇಡದ ಪೆನ್ನು. ಟ್ಯಾಬ್‌ನ ಪರದೆಯ ಅಡಿಯಲ್ಲಿ ಪೆನ್ನಿಗಾಗಿಯೇ ಇನ್ನೊಂದು ಪದರ ಇರುತ್ತದೆ. ಅದು ದುರ್ಬಲವಾದ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಹೊರಡಿಸುತ್ತದೆ, ಪೆನ್ನಿನೊಳಗಿನ ತಂತಿಯ ಸುರುಳಿ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಅನುರಣಿಸಿ ಉತ್ತರ ಕೊಡುತ್ತದೆ. ಜಪಾನಿನ ವಾಕಾಮ್ ಕಂಪನಿ ಬೆಳೆಸಿದ ಈ ವಿಧಾನವನ್ನೇ ಸ್ಯಾಮ್‌ಸಂಗ್ ತನ್ನ ಎಸ್ ಪೆನ್ನಿನಲ್ಲಿ ಬಳಸುತ್ತದೆ. ಕೆಲವು ಎಸ್ ಪೆನ್ನುಗಳಲ್ಲಿ ದೂರದಿಂದ ಫೋಟೋ ತೆಗೆಯುವಂಥ ಹೆಚ್ಚುವರಿ ಕೆಲಸಗಳಿಗೆ ಚಾರ್ಜ್ ಬೇಕು, ಬರೆಯುವುದಕ್ಕೆ ಎಂದೂ ಬೇಡ. ಪೆನ್ನು ಪರದೆಯ ಹತ್ತಿರ ಬಂದೊಡನೆ ಟ್ಯಾಬ್‌ಗೆ ಅದು ಗೊತ್ತಾಗಿ ಸ್ಪರ್ಶವನ್ನು ನಿಲ್ಲಿಸಿಬಿಡುವುದರಿಂದ ಅಂಗೈಯ ತೊಂದರೆ ಬಹಳ ಕಡಿಮೆ. ನಮ್ಮ ಕಡೆಯವರಿಗೆ ಇನ್ನೊಂದು ಲಾಭವೂ ಇದೆ: ಸೆಕೆಗೆ ಬೆವರಿದ ಕೈ ಅಥವಾ ಒಂದೆರಡು ಮಳೆಹನಿ ಪರದೆಯ ಮೇಲಿದ್ದರೂ ಈ ಪೆನ್ನಿನ ಗೆರೆ ಕೆಡುವುದಿಲ್ಲ, ಏಕೆಂದರೆ ಅದು ಸ್ಪರ್ಶಪದರವನ್ನು ಅವಲಂಬಿಸಿಲ್ಲ. ಒಂದೇ ಎಚ್ಚರಿಕೆ ಬೇಕು. ಬಲವಾದ ಅಯಸ್ಕಾಂತ ಇರುವ ಅಗ್ಗದ ಕವರ್ ಹಾಕಿದರೆ ಆ ಜಾಗದಲ್ಲಿ ಪೆನ್ನು ದಾರಿತಪ್ಪುತ್ತದೆ.

ಪೆಟ್ಟಿಗೆಯ ಮೇಲೆ ಬರೆದ 4096 ಒತ್ತಡದ ಮಟ್ಟಗಳೆಂಬ ಅಂಕಿಗೆ ಹೆಚ್ಚು ಬೆಲೆ ಕೊಡಬೇಡಿ. ಒತ್ತಿದಷ್ಟೂ ಗೆರೆ ದಪ್ಪವಾಗಲೆಂದು ಚಿತ್ರ ಬಿಡಿಸುವವರಿಗೆ ಅದು ಬೇಕು. ಟಿಪ್ಪಣಿ ಬರೆಯುವವರಿಗೆ ಬೇಕಾದದ್ದು ಅತಿ ಹಗುರವಾಗಿ ಮುಟ್ಟಿದಾಗಲೂ ಗೆರೆ ಮೂಡುವುದು, ಮತ್ತು ಆ ಗುಣ ಯಾವ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದಿಲ್ಲ.

ಇಲ್ಲಿ ಕನ್ನಡದ ಮಾತು ಬರುತ್ತದೆ. ಇಂಗ್ಲಿಷಿನ ಕೂಡುಬರಹದಲ್ಲಿ ಪೆನ್ನು ಎತ್ತದೆ ಇಡೀ ಪದ ಬರೆಯಬಹುದು. ಕನ್ನಡದಲ್ಲಿ ಹಾಗಲ್ಲ. ಅಕ್ಷರದ ಒಡಲು ಬರೆದು, ಪೆನ್ನು ಎತ್ತಿ ತಲೆಕಟ್ಟು ಕೊಟ್ಟು, ಮತ್ತೆ ಎತ್ತಿ ಕೆಳಗೆ ಒತ್ತು ಹಾಕಿ, ಬದಿಗೆ ದೀರ್ಘ ಎಳೆಯುತ್ತೇವೆ. ಒಂದೊಂದು ಅಕ್ಷರಕ್ಕೂ ಎರಡು ಮೂರು ಸಲ ಪೆನ್ನು ಎದ್ದು ಇಳಿಯುತ್ತದೆ, ಆ ಸಣ್ಣ ಗೆರೆಗಳನ್ನು ನಾವು ಹಗುರವಾಗಿ, ಅವಸರದಲ್ಲಿ ಹಾಕುತ್ತೇವೆ. ಒಳ್ಳೆಯದಲ್ಲದ ಪೆನ್ನು ಮೊದಲು ಕಳೆದುಕೊಳ್ಳುವುದು ಇವನ್ನೇ. ತಲೆಕಟ್ಟು ಬೀಳದೆ ಹೋಗುತ್ತದೆ, ಅಥವಾ ಎರಡು ಗೆರೆಗಳ ನಡುವೆ ಪೆನ್ನು ಎತ್ತಿದ್ದು ಟ್ಯಾಬ್‌ಗೆ ತಿಳಿಯದೆ ಬಾಲ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರೆದು ನೋಡಿ ಬೆಣ್ಣೆಯಂತೆ ಹೋಗುತ್ತದೆ ಎಂದವರ ಮಾತನ್ನು ಕನ್ನಡಕ್ಕೆ ಪ್ರಮಾಣವಾಗಿ ಹಿಡಿಯಲಾಗದು.

ಆದ್ದರಿಂದ ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಪ್ರದರ್ಶನಕ್ಕೆ ಇಟ್ಟ ಟ್ಯಾಬ್‌ನಲ್ಲಿ ‘ರಾಷ್ಟ್ರ’, ‘ಸ್ತ್ರೀ’, ‘ವಿಜ್ಞಾನ’, ‘ಸೂಕ್ಷ್ಮ’, ‘ಕಾರ್ಬನ್’ ಎಂಬ ಪದಗಳನ್ನು ತರಗತಿಯಲ್ಲಿ ಬರೆಯುವ ವೇಗದಲ್ಲಿ, ಅದೇ ಗಾತ್ರದಲ್ಲಿ ಹತ್ತು ಸಾಲು ಬರೆಯಲಿ. ಷ-ಕಾರದ ಕೆಳಗಿನ ಟ ಒತ್ತು, ಅದರ ಕೆಳಗಿನ ರ ಒತ್ತು ಒಂದರೊಳಗೊಂದು ಮುದ್ದೆಯಾಗದೆ ಬರುತ್ತವೆಯೇ, ಅರ್ಕಾವೊತ್ತಿನ ಸುಳಿ ಸುಳಿಯಾಗಿಯೇ ಉಳಿಯುತ್ತದೆಯೇ ಎಂದು ನೋಡಲಿ. ಆಮೇಲೆ ಒಂದು ಅಡಿಪಟ್ಟಿಯನ್ನು ಓರೆಯಾಗಿ ಹಿಡಿದು ಬಹಳ ನಿಧಾನವಾಗಿ ಒಂದು ಗೆರೆ ಎಳೆಯಲಿ. ಅಗ್ಗದ ಪೆನ್ನುಗಳಲ್ಲಿ ಆ ಗೆರೆ ಮೆಟ್ಟಿಲು ಮೆಟ್ಟಿಲಾಗಿ, ಅಲೆ ಅಲೆಯಾಗಿ ಮೂಡುತ್ತದೆ, ಮತ್ತು ಅದೇ ಅಲುಗಾಟ ನಮ್ಮ ದುಂಡನೆಯ ಅಕ್ಷರಗಳೊಳಗೂ ಸೇರಿಕೊಳ್ಳುತ್ತದೆ. ಅಂಗೈಯನ್ನು ಪೂರ್ತಿ ಊರಿ ಬರೆಯಲಿ, ಪುಟದ ನಾಲ್ಕು ಮೂಲೆಗಳಲ್ಲೂ ಬರೆಯಲಿ. ಪೆನ್ನಿನ ಮೊನೆಗೂ ಮೂಡುವ ಗೆರೆಗೂ ನಡುವೆ ಅಂತರ ಕಾಣುತ್ತದೆಯೇ ಎಂದು ಓರೆಯಿಂದ ನೋಡಲಿ. ಗಾಜಿಗೂ ಅದರ ಅಡಿಯ ಚಿತ್ರಪದರಕ್ಕೂ ನಡುವೆ ತೆರಪು ಬಿಟ್ಟ ಟ್ಯಾಬ್‌ಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ, ಎರಡನ್ನೂ ಅಂಟಿಸಿ ಒಂದೇ ಮಾಡಿದ ಪರದೆಗಳಲ್ಲಿ ಕಡಿಮೆ. ಒತ್ತಕ್ಷರವನ್ನು ಅದರ ಜಾಗದಲ್ಲೇ ಕೂರಿಸಬೇಕಾದ ನಮಗೆ ಇದು ಸಣ್ಣ ವಿಷಯವಲ್ಲ.

ಗಾತ್ರದ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಎ5 ಹಾಳೆಯ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 10 ಇಂಚು. ಅಂದರೆ 10ರಿಂದ 11 ಇಂಚಿನ ಟ್ಯಾಬ್ ಎಂದರೆ ಹೆಚ್ಚುಕಡಿಮೆ ಅರ್ಧ ಎ4 ಹಾಳೆ. ಎ4 ಅಳತೆಯ ಪಿಡಿಎಫ್ ಅದರಲ್ಲಿ ಮುಕ್ಕಾಲು ಪಾಲಿಗೆ ಕುಗ್ಗಿ ಕಾಣುತ್ತದೆ, ಓದಬಹುದು. 8 ಇಂಚಿನದು ಬೇಡ, ಕನ್ನಡದ ಸಾಲಿಗೆ ಮೇಲೆ ಗುಡಿಸಿಗೂ ಕೆಳಗೆ ಒತ್ತಿಗೂ ಸ್ಥಳ ಬೇಕಾಗುವುದರಿಂದ ಅಷ್ಟು ಚಿಕ್ಕ ಪುಟದಲ್ಲಿ ಹೆಚ್ಚು ಸಾಲು ಹಿಡಿಸುವುದಿಲ್ಲ. ಟಿಪ್ಪಣಿ ಆ್ಯಪ್‌ಗಳಲ್ಲಿ ಗೆರೆ ಹಾಕಿದ ಪುಟವನ್ನು ಆರಿಸುವಾಗ ಅತ್ಯಂತ ಅಗಲ ಸಾಲಿನದನ್ನೇ ಆರಿಸಿಕೊಳ್ಳಲು ಮಗಳಿಗೆ ಹೇಳಿ.

ನಿಮ್ಮ 30,000 ರೂಪಾಯಿಗೆ ನಾನು ಮೊದಲು ನೋಡುವುದು ಪೆನ್ನು ಪೆಟ್ಟಿಗೆಯೊಳಗೇ ಬರುವ ಸ್ಯಾಮ್‌ಸಂಗ್ ಮಾದರಿಗಳನ್ನು. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ 2020ರಲ್ಲಿ ಬಂದು 2022 ಮತ್ತು 2024ರಲ್ಲಿ ಹೊಸದಾಗಿಸಲ್ಪಟ್ಟಿತು. ಅದರ 10.4 ಇಂಚಿನ ಪರದೆ ಸಾಧಾರಣವಾದದ್ದು, ಪೆನ್ನು ಮಾತ್ರ ಉತ್ತಮವಾದದ್ದು. 2023ರ ಎಸ್9 ಎಫ್‌ಇ ಅದಕ್ಕಿಂತ ಮೇಲಿನದು. ಪರದೆ 10.9 ಇಂಚು, ಸೆಕೆಂಡಿಗೆ 90 ಸಲ ಹೊಸದಾಗುವುದರಿಂದ ಗೆರೆ ಪೆನ್ನಿನ ಹಿಂದೆ ಉಳಿದಂತೆ ಕಾಣುವುದು ಕಡಿಮೆ, ಮತ್ತು ಟ್ಯಾಬ್‌ಗೂ ಪೆನ್ನಿಗೂ ಐಪಿ68 ಮಟ್ಟದ ನೀರಿನ ರಕ್ಷಣೆ ಇದೆ. ಜೂನ್‌ನಲ್ಲಿ ಬದಿಯಡ್ಕದಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮಗಳ ಚೀಲದಲ್ಲಿ ಇರಬೇಕಾದ ವಸ್ತುವಿಗೆ ಇದು ದೊಡ್ಡ ಗುಣ. ರಿಯಾಯಿತಿಯ ದಿನಗಳಲ್ಲಿ ಇದು ನಿಮ್ಮ ಮಿತಿಯೊಳಗೆ ಸಿಕ್ಕಿದರೆ ಎರಡನೆಯ ಯೋಚನೆ ಬೇಡ. ಇದೇ ಸಾಲಿನ ಹೊಸ ಮಾದರಿ ಸಿಕ್ಕಿದರೂ ಆಗಬಹುದು, ಪೆನ್ನು ಪೆಟ್ಟಿಗೆಯೊಳಗೆ ಇದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಇದೇ ಕಂಪನಿಯ ಟ್ಯಾಬ್ ಎ9ನಂಥ ಅಗ್ಗದ ಮಾದರಿಗಳಲ್ಲಿ ಎಸ್ ಪೆನ್ನಿನ ಪದರವೇ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ, ಕೆಲಸದಲ್ಲಿ ಅಜಗಜಾಂತರ. ಸ್ಮರಣೆ (RAM) 6 ಜಿಬಿ ಇದ್ದರೆ ಅರ್ಧ ಪರದೆಯಲ್ಲಿ ಪುಸ್ತಕ, ಇನ್ನರ್ಧದಲ್ಲಿ ಟಿಪ್ಪಣಿ ಇಟ್ಟುಕೊಂಡು ಓದಲು ತೊಡಕಾಗುವುದಿಲ್ಲ. ಸಂಗ್ರಹಕ್ಕೆ 128 ಜಿಬಿ ಧಾರಾಳ, ಏಕೆಂದರೆ ಕೈಬರಹದ ಪುಟಗಳು ಬಹಳ ಕಡಿಮೆ ಜಾಗ ಹಿಡಿಯುತ್ತವೆ, ಜಾಗ ನುಂಗುವುದು ಸ್ಕ್ಯಾನ್ ಮಾಡಿದ ಪುಸ್ತಕಗಳು ಮತ್ತು ವಿಡಿಯೊ. ಕೇರಳದಲ್ಲಿ 2024ರಿಂದ ಪದವಿ ನಾಲ್ಕು ವರ್ಷದ್ದಾಗಿರುವುದರಿಂದ, ಆ ಮಾದರಿಗೆ ಇನ್ನೂ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂಬುದನ್ನು ಕೇಳಿಕೊಂಡೇ ಕೊಳ್ಳಿ.

ನಿಮ್ಮ ತಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಐಪ್ಯಾಡ್‌ನಲ್ಲಿ ಬರವಣಿಗೆ ಸೊಗಸಾಗಿದೆ, ಟಿಪ್ಪಣಿಯ ಆ್ಯಪ್‌ಗಳೂ ಅಲ್ಲಿ ಹೆಚ್ಚು ಪಳಗಿವೆ, ಬಾಳಿಕೆಯೂ ಚೆನ್ನಾಗಿದೆ. ತೊಡಕು ಇರುವುದು ನಿಮ್ಮ ಮಿತಿಯಲ್ಲಿ. ಕಡಿಮೆ ಬೆಲೆಯ ಐಪ್ಯಾಡ್‌ಗೇ ಹಣವೆಲ್ಲ ಮುಗಿದು, ಪೆನ್ಸಿಲ್‌ಗೆ ಇನ್ನೂ ಏಳೆಂಟು ಸಾವಿರ ಬೇಕಾಗುತ್ತದೆ. ಆ ಐಪ್ಯಾಡ್‌ನ ಪರದೆ ಗಾಜಿಗೆ ಅಂಟಿಸಿದ್ದಲ್ಲ. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್ ಒತ್ತಡವನ್ನು ಗುರುತಿಸುವುದಿಲ್ಲ, ಟಿಪ್ಪಣಿಗೆ ಅದು ಅಷ್ಟು ದೊಡ್ಡ ಕೊರತೆಯಲ್ಲ. ಒಂದೆರಡು ಸಾವಿರಕ್ಕೆ ಸಿಗುವ ಬೇರೆ ಕಂಪನಿಗಳ ಪೆನ್ನುಗಳು ಐಪ್ಯಾಡ್‌ನಲ್ಲಿ ಅಂಗೈ ಊರಿಯೇ ಬರೆಯುತ್ತವೆ, ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಅವನ್ನು ಮೇಲೆ ಹೇಳಿದ ಓರೆಗೆರೆಯ ಪರೀಕ್ಷೆಗೆ ಒಡ್ಡದೆ ಕೊಳ್ಳಬಾರದು. ನಿಮ್ಮಲ್ಲಿ ಹತ್ತು ಸಾವಿರ ಹೆಚ್ಚು ಇದ್ದಿದ್ದರೆ ನಾನೂ ಐಪ್ಯಾಡ್ ಎನ್ನುತ್ತಿದ್ದೆನೋ ಏನೋ, 30,000ಕ್ಕೆ ಎನ್ನಲಾರೆ.

ಕಾಗದದಂತೆ ಕಾಣುವ ಇ-ಇಂಕ್ ಟ್ಯಾಬ್‌ಗಳೂ ಇವೆ. ಕಿಂಡಲ್ ಸ್ಕ್ರೈಬ್, ರಿಮಾರ್ಕಬಲ್ ಮೊದಲಾದವು ಕಣ್ಣಿಗೆ ಹಿತ, ಆದರೆ ಬೆಲೆ ಹೆಚ್ಚು, ಪುಟ ತಿರುವುವುದು ನಿಧಾನ. ರಸಾಯನಶಾಸ್ತ್ರದ ಬಣ್ಣದ ಚಿತ್ರಗಳಿಗೆ, ಪಾಠದ ವಿಡಿಯೊಗಳಿಗೆ ಅವು ಅಷ್ಟಾಗಿ ಒದಗುವುದಿಲ್ಲ.

ಟ್ಯಾಬ್ ಕೊಂಡ ಮೇಲೆ ಮಾಡಬೇಕಾದದ್ದೂ ಇದೆ. ಅಂಗಡಿಯವರು ಮೊದಲು ದಪ್ಪನೆಯ ಟೆಂಪರ್ಡ್ ಗ್ಲಾಸ್ ಅಂಟಿಸಲು ನೋಡುತ್ತಾರೆ. ಅದು ಮೊನೆಗೂ ಗೆರೆಗೂ ಇರುವ ಅಂತರವನ್ನು ಹೆಚ್ಚಿಸುತ್ತದೆ. ಕಾಗದದಂತೆ ತುಸು ಒರಟಾದ ತೆಳು ಹಾಳೆ ಅಂಟಿಸಿದರೆ ಪೆನ್ನು ಜಾರದೆ ಅಕ್ಷರಗಳು ಹಿಡಿತಕ್ಕೆ ಬರುತ್ತವೆ, ನುಣುಪಾದ ಗಾಜಿನ ಮೇಲೆ ಕನ್ನಡದ ಸುಳಿಗಳು ಹಾರಿಹೋಗುತ್ತವೆ ಎನ್ನುವವರಿಗೆ ಇದು ಒಳ್ಳೆಯದು. ಬದಲಿಗೆ ಪೆನ್ನಿನ ನಿಬ್ಬು ಬೇಗ ಸವೆಯುತ್ತದೆ, ಪರದೆಯ ಕಾಂತಿ ಸ್ವಲ್ಪ ಮಂಕಾಗುತ್ತದೆ. ನಿಬ್ಬು ಬದಲಾಯಿಸಬಹುದಾದದ್ದು, ಒಂದು ಕಟ್ಟು ಮೊದಲೇ ತೆಗೆದಿಡಿ. ಮೊದಲ ಒಂದು ತಿಂಗಳು ಏನೂ ಅಂಟಿಸದೆ ಬರೆದು ನೋಡಿ ಆಮೇಲೆ ನಿರ್ಧರಿಸುವುದು ಉತ್ತಮ. ನಮ್ಮ ಮಳೆಗಾಲದಲ್ಲಿ ಚರ್ಮದ ಕವರ್‌ಗೆ ಬೂಷ್ಟು ಹಿಡಿಯುತ್ತದೆ, ರಬ್ಬರಿನದನ್ನು ಹಾಕಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜ್‌ಗೆ ಇಡಬೇಡಿ.

ಆ್ಯಪ್‌ಗಳ ವಿಷಯದಲ್ಲಿ ಒಂದು ನಿರಾಶೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೈಬರಹವನ್ನು ಹುಡುಕುವ, ಅಚ್ಚಿನ ಅಕ್ಷರಕ್ಕೆ ತಿರುಗಿಸುವ ಸೌಲಭ್ಯವನ್ನು ಜಾಹೀರಾತುಗಳು ಬಹಳ ಹೊಗಳುತ್ತವೆ. ಗೂಗಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಕೈಬರಹವನ್ನು ಅಚ್ಚಕ್ಷರವಾಗಿಸುವ ವ್ಯವಸ್ಥೆ ಇದೆ, ಬಿಡಿ ಪದಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕನ್ನಡ, ಇಂಗ್ಲಿಷ್, ಮಲಯಾಳ ಕಲಸಿ ಬರೆದ ಪುಟವನ್ನು ಅರ್ಥಮಾಡಿಕೊಳ್ಳುವ ಟಿಪ್ಪಣಿ ಆ್ಯಪ್ ಅನ್ನು ನಾನು ಕಂಡಿಲ್ಲ. ಪ್ರತಿ ಪುಟಕ್ಕೂ ದಿನಾಂಕ, ವಿಷಯ, ಅಧ್ಯಾಯವನ್ನು ಟೈಪ್ ಮಾಡಿ ಶೀರ್ಷಿಕೆ ಕೊಡುವ ಅಭ್ಯಾಸ ಮಗಳಿಗೆ ಮೊದಲ ದಿನದಿಂದಲೇ ಆಗಲಿ, ಹುಡುಕುವಾಗ ಅದೊಂದೇ ಕೈಹಿಡಿಯುತ್ತದೆ. ಓದುವ ಪಿಡಿಎಫ್‌ಗಳಲ್ಲೂ ಇದೇ ತೊಂದರೆ ಎದುರಾಗಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ, ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದುವ ಯುನಿಕೋಡ್ ಸಂಕೇತದಲ್ಲಿ ಅಲ್ಲದೆ ಸಿದ್ಧಪಡಿಸಿದ ಕನ್ನಡ ಪಿಡಿಎಫ್ ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದರೆ ಏನೂ ಸಿಗುವುದಿಲ್ಲ. ಅಂಥವನ್ನು ಪೆನ್ನಿನಿಂದಲೇ ಗುರುತು ಹಾಕಿಕೊಳ್ಳಬೇಕು. ಸ್ಯಾಮ್‌ಸಂಗ್ ನೋಟ್ಸ್ ಟ್ಯಾಬ್‌ನಲ್ಲೇ ಉಚಿತವಾಗಿ ಬರುತ್ತದೆ, ಒನ್‌ನೋಟ್ ಕೂಡ ಇದೆ. ಯಾವುದನ್ನು ಬಳಸಿದರೂ ಪ್ರತಿ ಅಧ್ಯಾಯ ಮುಗಿದಾಗ ಅದನ್ನು ಪಿಡಿಎಫ್ ಮಾಡಿ ಟ್ಯಾಬ್‌ನ ಹೊರಗೆ ಒಂದು ಕಡೆ ಇಡಲಿ. ಆ್ಯಪ್‌ನ ಸ್ವಂತ ಕಡತವನ್ನು ಬೇರೆ ಆ್ಯಪ್ ತೆರೆಯುವುದಿಲ್ಲ, ಟ್ಯಾಬ್ ಕೆಟ್ಟರೆ ಎರಡು ಸೆಮಿಸ್ಟರಿನ ಶ್ರಮ ಅದರೊಂದಿಗೇ ಹೋಗುತ್ತದೆ.

ಕೈಯಿಂದ ಬರೆದರೆ ಹೆಚ್ಚು ನೆನಪಿರುತ್ತದೆ ಎಂಬ ಮಾತಿಗೆ 2014ರಲ್ಲಿ ಅಮೆರಿಕದ ಮ್ಯುಲರ್ ಮತ್ತು ಒಪನ್‌ಹೈಮರ್ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಟೈಪ್ ಮಾಡುವವರು ಕೇಳಿದ್ದನ್ನು ಹಾಗೆಯೇ ಇಳಿಸುತ್ತಾರೆ, ಕೈಯಲ್ಲಿ ಬರೆಯುವವರು ಆರಿಸಿ ತಮ್ಮ ಮಾತಿನಲ್ಲಿ ಬರೆಯುತ್ತಾರೆ ಎಂದು ಅವರು ಕಂಡುಕೊಂಡರು. 2019ರಲ್ಲೂ 2021ರಲ್ಲೂ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಂಕಗಳ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಅಂದರೆ ಟ್ಯಾಬ್ ಕೊಂಡ ಮಾತ್ರಕ್ಕೆ ಅಂಕ ಬರುವುದಿಲ್ಲ, ಆರಿಸಿ ಬರೆಯುವ ಗುಣ ಇದ್ದರೆ ಅದಕ್ಕೆ ಸಹಾಯವಾಗುತ್ತದೆ ಅಷ್ಟೆ. ಪರೀಕ್ಷೆ ಇನ್ನೂ ಕಾಗದದ ಮೇಲೆಯೇ ನಡೆಯುವುದರಿಂದ ಪೂರ್ಣ ಉತ್ತರ ಬರೆಯುವ ಅಭ್ಯಾಸ ಕಾಗದದಲ್ಲೇ ಇರಲಿ. ಗಾಜಿನ ಮೇಲೆ ವರ್ಷವಿಡೀ ಬರೆದ ಕೈಗೆ ಎರಡು ಗಂಟೆ ಕಾಗದದಲ್ಲಿ ಬರೆಯುವ ಬಲ ಕುಗ್ಗಿರುತ್ತದೆ.

ಮನೆಯಲ್ಲಿ ಲ್ಯಾಪ್‌ಟಾಪ್ ಈಗಾಗಲೇ ಇದೆಯೇ ಎಂದು ನೀವು ತಿಳಿಸಿಲ್ಲ. ಇದ್ದರೆ, ಮತ್ತು ಮಗಳು ಹೆಚ್ಚಾಗಿ ಮನೆಯಲ್ಲಿ ಕುಳಿತು ಟಿಪ್ಪಣಿ ಮಾಡುವವಳಾದರೆ, ಪರದೆಯಿಲ್ಲದ ಬರೆಯುವ ಫಲಕವೊಂದನ್ನು (ಗ್ರಾಫಿಕ್ಸ್ ಟ್ಯಾಬ್ಲೆಟ್) ಎರಡರಿಂದ ಐದು ಸಾವಿರದೊಳಗೆ ಕೊಂಡು ಅದಕ್ಕೆ ಜೋಡಿಸಬಹುದು. ಅದರಲ್ಲೂ ಬ್ಯಾಟರಿಯಿಲ್ಲದ ಪೆನ್ನೇ ಇರುತ್ತದೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದಾಗ ನಾನು ಪಾಠ ಮಾಡಿದ್ದು ಅಂಥದ್ದೊಂದರಿಂದಲೇ. ಕೈ ಕೆಳಗೆ, ಕಣ್ಣು ಪರದೆಯ ಮೇಲೆ ಇಟ್ಟು ಬರೆಯಲು ಒಂದೆರಡು ವಾರ ಬೇಕಾಗುತ್ತದೆ. ಕೇರಳದ ಶಾಲೆಗಳಲ್ಲಿ ಸರಕಾರದ ಕೈಟ್ ಸಂಸ್ಥೆಯ ಗ್ನು/ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯವ್ಯವಸ್ಥೆ) ಕಲಿತ ಮಕ್ಕಳಿಗೆ ಹೊಸತೇನೂ ಅಲ್ಲದ ಆ ವ್ಯವಸ್ಥೆಯಲ್ಲಿ ಕ್ಸೋರ್ನಲ್ ಪ್ಲಸ್ ಪ್ಲಸ್ ಎಂಬ ಉಚಿತ ತಂತ್ರಾಂಶ ಪಿಡಿಎಫ್ ಮೇಲೂ ಬರೆಯಗೊಡುತ್ತದೆ. ತರಗತಿಯೊಳಗೆ ಬರೆಯಲೇಬೇಕಾದರೆ ಮಾತ್ರ ಟ್ಯಾಬ್ ಬೇಕು.

ಕೊಳ್ಳಲು ಮಂಗಳೂರಿಗೋ ಕಣ್ಣೂರಿಗೋ ಹೋಗುವುದಾದರೆ, ಪೆನ್ನು ಸಹಿತ ಪ್ರದರ್ಶನಕ್ಕೆ ಇಟ್ಟಿದ್ದಾರೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ, ಮತ್ತು ಆ ಕಂಪನಿಯ ಸರ್ವಿಸ್ ಸೆಂಟರ್ ನಿಮಗೆ ಹೋಗಿಬರುವಷ್ಟು ಹತ್ತಿರ ಎಲ್ಲಿದೆ ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮಗಳು ಆ ಹತ್ತು ಸಾಲುಗಳನ್ನು ಬರೆದು ನೋಡಲಿ, ‘ರಾಷ್ಟ್ರ’ದ ಒತ್ತುಗಳು ಬಿಡಿಬಿಡಿಯಾಗಿ ಬಾರದಿದ್ದರೆ ಅದೇ ಪೆಟ್ಟಿಗೆಯಲ್ಲಿ ಹಾಕಿ ಹಿಂದಕ್ಕೆ ಕಳುಹಿಸಿ.